ಬೇಲಿ ಹಾರಿಸುತ್ತಿದ್ದ ಜಾಕಿ ಒಳ್ಳೆ ಟ್ರೈನರ್ ಆಗ್ತಾನಾ?

ಬೇಲಿ ಹಾರುವ ಕುದುರೆ ರೇಸಿನ ಜಾಕಿ, ಅಂದರೆ ಸವಾರ, ಮುಂದೆ ಕುದುರೆಗಳನ್ನು ತಯಾರು ಮಾಡುವ ಟ್ರೈನರ್ ಆದರೆ ಅಲ್ಲೂ ಗೆಲ್ಲುತ್ತಾನಾ ಅಂತ ಕೇಳಿದ್ದೀರಿ. ಖಂಡಿತ ಗೆಲ್ಲಬಹುದು. ಇಂಗ್ಲೆಂಡಿನ ಫ್ರೆಡ್ ವಿಂಟರ್ ಅವರನ್ನೇ ನೋಡಿ.

ನಮ್ಮ ಬೆಂಗಳೂರು, ಮೈಸೂರಿನಲ್ಲಿ ನಾವು ನೋಡೋದು ಸಮತಟ್ಟಾದ ಟ್ರ್ಯಾಕಿನ ಓಟ. ಲಿವರ್‌ಪೂಲಿನ ಗ್ರ್ಯಾಂಡ್ ನ್ಯಾಷನಲ್ ರೇಸ್ ಹಾಗಲ್ಲ. ನಾಲ್ಕು ಮೈಲಿಗೂ ಜಾಸ್ತಿ ದೂರ, 30 ಬೇಲಿ. ವಿಂಟರ್ ಅದನ್ನು ಜಾಕಿಯಾಗಿ 1957 ಮತ್ತು 1962ರಲ್ಲಿ ಗೆದ್ದರು.

ನನಗೆ ಮೈ ಜುಮ್ಮೆನಿಸುವುದು ಅದೇ 1962ರ ಪ್ಯಾರಿಸ್ ಓಟ. ಕುದುರೆ ಮ್ಯಾಂಡರಿನ್. ಓಟ ಶುರುವಾದ ಸ್ವಲ್ಪ ಹೊತ್ತಿಗೇ ಬಾಯಲ್ಲಿದ್ದ ಕಡಿವಾಣ ತುಂಡಾಯಿತು. ಲಗಾಮು ಕೈಯಲ್ಲಿದ್ದೂ ಇಲ್ಲದ ಹಾಗೆ. ಉಳಿದ ದೂರವನ್ನೆಲ್ಲ ವಿಂಟರ್ ಕಾಲು ಒತ್ತಿ, ಮೈಭಾರ ಅತ್ತಿತ್ತ ವಾಲಿಸಿ ಓಡಿಸಿದರು. ಹೊಟ್ಟೆ ಕೆಟ್ಟು ಅವರೇ ಸುಸ್ತಾಗಿದ್ದರು. ಕೊನೆಕೊನೆಗೆ ಕುದುರೆಯ ಮುಂಗಾಲೂ ಕೈಕೊಟ್ಟಿತು. ಆದರೂ ಕೂದಲೆಳೆಯಲ್ಲಿ ಗೆದ್ದರು. ಅದೇ ದಿನ ಇನ್ನೊಂದು ಕುದುರೆ ಹತ್ತಿ ಮತ್ತೊಂದು ರೇಸನ್ನೂ ಗೆದ್ದರು!

1964ರಲ್ಲಿ ಸವಾರಿ ಬಿಟ್ಟರು. ರೇಸ್ ಶುರು ಮಾಡಿಸುವ ಸ್ಟಾರ್ಟರ್ ಕೆಲಸಕ್ಕೆ ಅರ್ಜಿ ಹಾಕಿದ್ದರು, ಸಿಗಲಿಲ್ಲ. ಸಿಕ್ಕಿದ್ದರೆ ಟ್ರೈನರ್ ಆಗುತ್ತಲೇ ಇರಲಿಲ್ಲವೇನೋ. ಲ್ಯಾಂಬೋರ್ನ್ ಎಂಬ ಊರಲ್ಲಿ ಲಾಯ ಶುರು ಮಾಡಿದರು. 1965ರಲ್ಲಿ ಜೇ ಟ್ರಂಪ್ ಎಂಬ ಕುದುರೆ, 1966ರಲ್ಲಿ ಆಂಗ್ಲೋ ಎಂಬ ಕುದುರೆ: ಮೊದಲ ಎರಡು ವರ್ಷ ಸಾಲಾಗಿ ಗ್ರ್ಯಾಂಡ್ ನ್ಯಾಷನಲ್ ಅವರ ಲಾಯಕ್ಕೇ ಬಂತು. ಜಾಕಿಯಾಗಿ ನಾಲ್ಕು ಸಲ ಸೀಸನ್ನಿನ ಚಾಂಪಿಯನ್ ಆಗಿದ್ದವರು ಟ್ರೈನರ್ ಆಗಿ ಎಂಟು ಸಲ ಆದರು.

ಸೋತಿದ್ದನ್ನೂ ಹೇಳಬೇಕು. 1973ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಅವರ ಲಾಯದ ಕುದುರೆ ಕ್ರಿಸ್ಪ್ ಎಲ್ಲರನ್ನೂ ಎಷ್ಟೋ ಹಿಂದೆ ಬಿಟ್ಟು ಓಡಿತು. ಕೊನೆಯ ಬೇಲಿ ದಾಟಿದ ಮೇಲೆ ಕಾಲು ಸೋತು ತೂರಾಡತೊಡಗಿತು. ಗೆರೆ ಇನ್ನೇನು ಬಂತು ಅನ್ನುವಾಗ ರೆಡ್ ರಮ್ ಮುಂದೆ ಹೋಯಿತು. ಅಂತರ ಮುಕ್ಕಾಲು ಕುದುರೆಯಷ್ಟು. ಕ್ರಿಸ್ಪ್ ಬೆನ್ನ ಮೇಲೆ ಹೊತ್ತ ಭಾರ ಮಾತ್ರ ರೆಡ್ ರಮ್‌ಗಿಂತ 23 ಪೌಂಡ್ ಜಾಸ್ತಿ. ಆ ವಿಡಿಯೋ ನೋಡಿದಾಗೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಜಾಕಿಯಾಗಿದ್ದಕ್ಕೇ ಗೆದ್ದರಾ ಅಂದರೆ, ನನ್ನ ಪ್ರಕಾರ ಅರ್ಧ ಹೌದು. ಬೇಲಿಯ ಮುಂದೆ ಕುದುರೆ ಯಾವಾಗ ಹಿಂಜರಿಯುತ್ತದೆ ಅನ್ನೋದು ಅದರ ಬೆನ್ನ ಮೇಲೆ ಕೂತವರಿಗೇ ಗೊತ್ತು, ಅಲ್ವಾ? ಇನ್ನರ್ಧ ಲಾಯದ ಕೆಲಸ. ಮೇವು, ಕಾಲಿನ ಆರೈಕೆ, ಯಾವ ಕುದುರೆಯನ್ನು ಯಾವಾಗ ಓಡಿಸಬೇಕು ಅನ್ನುವ ತಾಳ್ಮೆ. ಅದನ್ನು ಬೇರೆಯಾಗಿಯೇ ಕಲಿಯಬೇಕು.

1987ರಲ್ಲಿ ವಿಂಟರ್‌ಗೆ ಪಾರ್ಶ್ವವಾಯು ಹೊಡೆಯಿತು. ಲಾಯವನ್ನು ಸಹಾಯಕ ಚಾರ್ಲಿ ಬ್ರೂಕ್ಸ್ ನೋಡಿಕೊಂಡರು. ಮರುವರ್ಷ ಆ ಲಾಯದ ಕುದುರೆ ಸೆಲ್ಟಿಕ್ ಶಾಟ್, ಚಾಂಪಿಯನ್ ಹರ್ಡಲ್ ಎಂಬ ರೇಸ್ ಗೆದ್ದಾಗ ಟ್ರೈನರ್ ಹೆಸರಿನ ಜಾಗದಲ್ಲಿ ಇದ್ದದ್ದು ವಿಂಟರ್ ಹೆಸರೇ.