ಡಬ್ಲಿನ್‌ನಲ್ಲಿ ಅಮೆರಿಕದ ಕಾಲೇಜ್ ಫುಟ್‌ಬಾಲ್: ಟಿಕೆಟ್‌ಗಿಂತ ಮೊದಲು ವೀಸಾ ನೋಡಿ

ನೀವು ಬೆಲೆ ನೋಡಿ ಕೇಳಿದ ಆ ಫುಟ್‌ಬಾಲ್ ಪ್ಯಾಕೇಜ್‌ಗೆ ಮಾತ್ರ ದುಡ್ಡು ಕಟ್ಟಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ನೀವು ಡಬ್ಲಿನ್‌ಗೆ ಬಂದು ಇನ್ನೂ ಸ್ವಲ್ಪ ದಿನ ಆಗಿದೆ. ಅಮೆರಿಕದ ಟೆಕ್ಸಾಸ್‌ನ ಟಿಸಿಯುನಲ್ಲಿ (ಟೆಕ್ಸಾಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) ಓದುತ್ತಿರುವ ನಿಮ್ಮ ಅಕ್ಕನ ಮಗ, 2026ರ ಆಗಸ್ಟ್ 29ಕ್ಕೆ ಡಬ್ಲಿನ್‌ನ ಅವಿವಾ ಸ್ಟೇಡಿಯಂನಲ್ಲಿ ನಮ್ಮ ಟೀಮ್ ನಾರ್ತ್ ಕೆರೊಲಿನಾ ಯೂನಿವರ್ಸಿಟಿ ಮೇಲೆ ಆಡುತ್ತದೆ, ನಾನೂ ಬರುತ್ತೇನೆ, ಎರಡು ಟಿಕೆಟ್ ತೆಗೆದಿಡಿ ಅಂದಿದ್ದಾನೆ. ಬೆಲೆ ನೋಡಿ ಗಾಬರಿಯಾಗಿ ಕೇಳಿದ್ದೀರಿ. ನೀವು ನೋಡಿರುವುದು ಹೋಟೆಲ್, ಬಸ್ಸು, ಊಟ ಎಲ್ಲಾ ಸೇರಿಸಿ ಅಮೆರಿಕದಿಂದ ಬರುವವರಿಗೆ ಮಾಡಿರುವ ಪ್ಯಾಕೇಜ್. ಇದೇ ಊರಲ್ಲಿ ಮನೆ ಮಾಡಿಕೊಂಡಿರುವ ನಿಮಗೆ ಹೋಟೆಲ್ ಯಾಕೆ ಬೇಕು?

ಟಿಕೆಟ್ ಸಿಗುವ ದಾರಿ ಎರಡು. ಎರಡೂ ಯೂನಿವರ್ಸಿಟಿಗಳಿಗೆ ಒಂದಿಷ್ಟು ಸೀಟು ಕೊಟ್ಟಿರುತ್ತಾರೆ, ಅವು ಹಳೇ ವಿದ್ಯಾರ್ಥಿಗಳಿಗೆ, ಸೀಸನ್ ಟಿಕೆಟ್ ಇರುವವರಿಗೆ ಹೋಗುತ್ತವೆ. ಹುಡುಗ ಟಿಸಿಯುನಲ್ಲೇ ಇದ್ದಾನಲ್ಲ, ಅಲ್ಲಿನ ಟಿಕೆಟ್ ಆಫೀಸಿನಲ್ಲಿ ಒಂದು ಮಾತು ಕೇಳಲಿ. ಉಳಿದವು ಟಿಕೆಟ್‌ಮಾಸ್ಟರ್‌ನ ಐರ್ಲೆಂಡ್ ಸೈಟಿನಲ್ಲಿ ಬರುತ್ತವೆ. ಅಮೆರಿಕದ ಸೈಟ್ ಅಲ್ಲ, ಐರ್ಲೆಂಡಿನದು. ಈಗಲೇ ಅಕೌಂಟ್ ಮಾಡಿ, ಕಾರ್ಡ್ ಸೇರಿಸಿಟ್ಟುಕೊಳ್ಳಿ, ಪಂದ್ಯದ ಸೈಟಿನಲ್ಲಿ ಇಮೇಲ್ ಕೊಟ್ಟಿಡಿ. ಸಿಗಲಿಲ್ಲ ಅಂದರೂ ಹೆದರಬೇಡಿ. ಪಂದ್ಯ ಹತ್ತಿರ ಬಂದ ಹಾಗೆ, ಬರಲು ಆಗದವರು ಅಲ್ಲೇ ಟಿಕೆಟ್ ಮರಳಿ ಮಾರುತ್ತಾರೆ, ಅದೂ ಮುಖಬೆಲೆಗಿಂತ ಜಾಸ್ತಿಗೆ ಅಲ್ಲ.

ಬ್ಲ್ಯಾಕ್‌ನಲ್ಲಿ ಮಾತ್ರ ಕೊಳ್ಳಬೇಡಿ. ಐರ್ಲೆಂಡಿನಲ್ಲಿ 2021ರಲ್ಲೇ ಕಾನೂನು ಬಂದಿದೆ, ಗೊತ್ತುಪಡಿಸಿದ ದೊಡ್ಡ ಸ್ಟೇಡಿಯಂ ಮತ್ತು ಕಾರ್ಯಕ್ರಮಗಳ ಟಿಕೆಟನ್ನು ಮುಖಬೆಲೆಗಿಂತ ಜಾಸ್ತಿಗೆ ಮಾರಿದರೆ 1 ಲಕ್ಷ ಯೂರೋವರೆಗೆ ದಂಡ, ಇಲ್ಲವೇ 2 ವರ್ಷದವರೆಗೆ ಜೈಲು. ನನಗೆ ಈ ಕಾನೂನಿನ ಮೇಲೆ ನಿಜವಾಗಿ ಗೌರವವಿದೆ. ಸಂಬಳ ಎಣಿಸಿ ಎಣಿಸಿ ಖರ್ಚು ಮಾಡುವ ಹೊಸಬರಿಗೂ ಒಂದು ಸೀಟು ಉಳಿಯುವುದು ಇದರಿಂದಲೇ.

ಡಬ್ಲಿನ್‌ನ ಇಂಥ ಪಂದ್ಯಗಳಿಗೆ ಟಿಕೆಟ್ ಬೇಡಿಕೆ ಎಲ್ಲಾ ವರ್ಷವೂ ಒಂದೇ ಥರ ಇರುವುದಿಲ್ಲ. 2023ರಲ್ಲಿ ನೋಟರ್ ಡೇಮ್ ಕಾಲೇಜು, ಅಮೆರಿಕದ ನೌಕಾಪಡೆ ಅಕಾಡೆಮಿಯ ನೇವಿ ಟೀಮ್ ಮೇಲೆ ಆಡಿದಾಗ ಅಮೆರಿಕದಿಂದಲೇ ಸುಮಾರು 40,000 ಜನ ಬಂದರು. ನೋಟರ್ ಡೇಮ್‌ಗೂ ಐರಿಷ್ ಮೂಲದವರಿಗೂ ಹಳೇ ನಂಟು, ಹಾಗಾಗಿ ಆ ಸಲ ಟಿಕೆಟ್‌ಗೆ ಪರದಾಟ. ಎಲ್ಲಾ ಟೀಮಿಗೂ ಅಷ್ಟು ಜನ ಬರುವುದಿಲ್ಲ.

ಇದು ಕಂಠೀರವದಲ್ಲಿ ನೋಡುವ ಫುಟ್‌ಬಾಲ್ ಅಲ್ಲ, ಗೊತ್ತಲ್ವಾ? ಚೆಂಡು ಇರುವ ಟೀಮ್ ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಇಷ್ಟು ತಿಳಿದರೆ ಸಾಕು, ಉಳಿದದ್ದು ಪಕ್ಕದವರು ಖುಷಿಯಿಂದ ಹೇಳಿಕೊಡುತ್ತಾರೆ. ಗಡಿಯಾರದ ಲೆಕ್ಕಕ್ಕೆ 60 ನಿಮಿಷದ ಆಟ, ಮುಗಿಯುವುದಕ್ಕೆ ಮೂರೂವರೆ ತಾಸು ಬೇಕು. ಸೀಟು ಆಯ್ಕೆ ಇದ್ದರೆ ಮೇಲಿನ ಹಂತದ್ದು ತೆಗೆದುಕೊಳ್ಳಿ. ಕೆಳಗೆ ಮೊದಲ ಸಾಲುಗಳಲ್ಲಿ ಕೂತರೆ ಗೆರೆಯ ಪಕ್ಕ ನಿಂತಿರುವ ಹೆಲ್ಮೆಟ್ ಹಾಕಿದ ಆಟಗಾರರ ಬೆನ್ನೇ ಕಾಣುತ್ತದೆ, ಮೇಲಿಂದ ಆಟ ಪೂರ್ತಿ ಬಿಡಿಸಿಟ್ಟ ಹಾಗೆ ಕಾಣುತ್ತದೆ, ಅರ್ಧ ಸಮಯಕ್ಕೆ ಕಾಲೇಜಿನ ಬ್ಯಾಂಡ್ ಮೈದಾನದಲ್ಲಿ ಸಾಲು ಬದಲಾಯಿಸುತ್ತಾ ನಡೆಯುವುದೂ ಅಲ್ಲಿಂದಲೇ ಚೆಂದ. 2022ರ ಪಂದ್ಯದಲ್ಲಿ ಸ್ಟೇಡಿಯಂನ ಕಾರ್ಡ್ ಪೇಮೆಂಟ್ ಕೆಟ್ಟು, ತಿಂಡಿ, ಬಿಯರ್ ಎಲ್ಲಾ ಪುಕ್ಕಟೆ ಕೊಟ್ಟಿದ್ದರು. ಈ ಸಲ ಹಾಗಾಗುತ್ತದೆ ಅಂತ ಕಾಯಬೇಡಿ, ಹೊಟ್ಟೆಗೆ ಹಾಕಿಕೊಂಡೇ ಹೋಗಿ. ಸಣ್ಣ ಬ್ಯಾಗ್ ಸಾಕು, ದೊಡ್ಡದನ್ನು ಒಳಗೆ ಬಿಡುವುದಿಲ್ಲ. ಡಾರ್ಟ್ ರೈಲಿನ ಲ್ಯಾನ್ಸ್‌ಡೌನ್ ರೋಡ್ ಸ್ಟೇಷನ್ ಸ್ಟೇಡಿಯಂಗೆ ಅಂಟಿಕೊಂಡೇ ಇದೆ, ಆದರೆ ಮುಗಿದ ಮೇಲೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮುಂದಿನ ಸ್ಟೇಷನ್ ಗ್ರ್ಯಾಂಡ್ ಕೆನಾಲ್ ಡಾಕ್‌ವರೆಗೆ ನಡೆದುಬಿಡಿ.

ಈಗ ಮುಖ್ಯವಾದ ಮಾತು. ಹುಡುಗನದು ಇಂಡಿಯನ್ ಪಾಸ್‌ಪೋರ್ಟ್ ಅಲ್ವಾ? ಅಮೆರಿಕದ ಸ್ಟೂಡೆಂಟ್ ವೀಸಾ ಇದೆ ಅಂತ ಐರ್ಲೆಂಡ್ ಒಳಗೆ ಬಿಡುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ವೀಸಾ ಕೂಡ ಇಲ್ಲಿ ನಡೆಯುವುದಿಲ್ಲ. ಐರ್ಲೆಂಡಿನದೇ ಶಾರ್ಟ್ ಸ್ಟೇ ವೀಸಾ ಬೇಕು, ಪ್ರಯಾಣಕ್ಕೆ 3 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಅರ್ಜಿಗಳ ರಾಶಿ ಇರುತ್ತದೆ, ಹಾಗಾಗಿ ತಡ ಮಾಡದೆ ಹಾಕಲಿ, ನಿಮ್ಮ ಕರೆಯೋಲೆ, ನಿಮ್ಮ ಐಆರ್‌ಪಿ (ಇಲ್ಲಿನ ವಾಸದ ಪರವಾನಗಿ) ಕಾರ್ಡ್ ಕಾಪಿ ಜೊತೆಗಿಡಲಿ. ವಾಪಸ್ ಹೋಗುವಾಗ ಅವನ ಪಾಸ್‌ಪೋರ್ಟಿನಲ್ಲಿರುವ ಎಫ್-1 (ಅಮೆರಿಕದ ಸ್ಟೂಡೆಂಟ್ ವೀಸಾ) ಸ್ಟ್ಯಾಂಪಿಂಗ್ ಅವಧಿ ಮುಗಿದಿರಬಾರದು, ಕಾಲೇಜು ಕೊಡುವ ಐ-20 ಪತ್ರದ ಮೇಲೆ ಕಾಲೇಜಿನ ಟ್ರಾವೆಲ್ ಸಹಿಯೂ ಬೇಕು. ಆಟ ನೋಡಲು ಮೂರು ದಿನಕ್ಕೆ ಬಂದು ಓದು ಅರ್ಧಕ್ಕೆ ನಿಲ್ಲುವ ಹಾಗೆ ಆಗಬಾರದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇವತ್ತೇ ಅವನಿಗೆ ಫೋನ್ ಮಾಡಿ ಸ್ಟ್ಯಾಂಪಿಂಗ್ ತಾರೀಕು ಕೇಳಿ. ಅದು ಸರಿ ಇದ್ದರೆ ಟಿಕೆಟ್‌ಗೆ ಕೂರೋಣ, ಕರೆಯೋಲೆ ಹೇಗೆ ಬರೆಯಬೇಕು ಅಂತ ನಾನೇ ತೋರಿಸಿಕೊಡುತ್ತೇನೆ.