ಕ್ರಿಸ್‌ಮಸ್ ಫೋಟೊಕ್ಕೆ ನಿಲ್ಲಲ್ಲ ಅಂತಾಳೆ ಮಗಳು

ಅಕ್ಕಾ,

ನಾನು ಮೂಲ್ಕಿಯವಳು. ನರ್ಸ್ ಕೆಲಸಕ್ಕೆಂದು ಹೊರದೇಶಕ್ಕೆ ಹೋದವಳು, ಅಲ್ಲಿ ಪರಿಚಯವಾದ ಅಮೆರಿಕದವರನ್ನು ಮದುವೆಯಾದೆ. ನಮ್ಮವರು ಅಯೋವಾ ರಾಜ್ಯದವರು, ಮಿಷನರಿ. 7 ವರ್ಷದಿಂದ ಕೀನ್ಯಾದಲ್ಲಿದ್ದೇವೆ, ರಿಫ್ಟ್ ಕಣಿವೆಯ ಅಂಚಿನ ಒಂದು ಸಣ್ಣ ಊರಿನಲ್ಲಿ. ಅವರು ಮಿಷನ್ ಆಸ್ಪತ್ರೆಯ ಮೆಷಿನ್‌ಗಳ ರಿಪೇರಿ ನೋಡಿಕೊಳ್ಳುತ್ತಾರೆ. ಆಸ್ಪತ್ರೆಯಿಂದ ಸಂಬಳವಿಲ್ಲ. ಅಮೆರಿಕದ ಕೆಲವು ಚರ್ಚುಗಳು, ಪರಿಚಯದ ಕುಟುಂಬಗಳು ತಿಂಗಳು ತಿಂಗಳು ಕಳಿಸುವ ದುಡ್ಡಿನಲ್ಲೇ ನಮ್ಮ ಸಂಸಾರ. ಅವರಿಗೆಲ್ಲ ಪ್ರತಿ ತಿಂಗಳು ಪತ್ರ ಬರೆಯಬೇಕು. ಡಿಸೆಂಬರ್ ಪತ್ರಕ್ಕೆ ಫೋಟೊ ಇರಲೇಬೇಕು. ಮರದ ಮುಂದೆ ನಾಲ್ವರೂ ಕೆಂಪು ಸ್ವೆಟರ್ ಹಾಕಿಕೊಂಡು ನಗಬೇಕು.

ಈ ಸಲ 14 ವರ್ಷದ ಮಗಳು ನಿಲ್ಲಲ್ಲ ಅಂದುಬಿಟ್ಟಳು. "ನಾನೇನು ನಿಮ್ಮ ಕಾಣಿಕೆ ಡಬ್ಬಿನಾ?" ಅಂತ ಅಪ್ಪನ ಮುಖಕ್ಕೇ ಕೇಳಿದಳು. ಅವರು ಏನೂ ಮಾತಾಡದೆ ಎದ್ದು ಹೋದರು. ಮೂರು ದಿನದಿಂದ ಮನೆಯಲ್ಲಿ ಮಾತಿಲ್ಲ. 9 ವರ್ಷದ ಮಗನಿಗೆ ಆ ಸ್ವೆಟರ್ ಬಲು ಇಷ್ಟ, ಪಾಪ, ಅದನ್ನು ಹಾಕಿಕೊಂಡೇ ಮಲಗುತ್ತಾನೆ. ಇತ್ತ ಅಯೋವಾದಿಂದ ಅತ್ತೆ ಫೋನ್ ಮಾಡಿ, ಮಗಳನ್ನು ಕ್ರಿಸ್‌ಮಸ್‌ಗೆ ಇಲ್ಲಿಗೆ ಕಳಿಸಿ, ಬೇಕಾದರೆ ಇಲ್ಲೇ ಹೈಸ್ಕೂಲು ಓದಲಿ ಅಂದರು. ಅವಳು ಆಗಲೇ ಬ್ಯಾಗ್ ತೆಗೆದಿಟ್ಟಿದ್ದಾಳೆ. ಅವಳ ಜೀವದ ಗೆಳತಿಯ ಮನೆಯವರು ನವೆಂಬರ್‌ನಲ್ಲಿ ಇಲ್ಲಿನ ಕೆಲಸ ಮುಗಿಸಿ ಅಮೆರಿಕಕ್ಕೆ ವಾಪಸ್ ಹೋದರು, ಅದೂ ಒಂದು ಬೇಜಾರು ಇರಬಹುದು.

ನನ್ನದೇನೂ ಇಲ್ಲ. ಅಮ್ಮ ಮೂಲ್ಕಿಯಲ್ಲಿ ಒಬ್ಬಳೇ ಇದ್ದಾಳೆ. ನಮ್ಮ ರಜೆಯೆಲ್ಲ ಅಮೆರಿಕದ ಚರ್ಚುಗಳನ್ನು ಸುತ್ತುವುದಕ್ಕೇ ಹೋಗುತ್ತದೆ. ಈ ಸಲ ಕ್ರಿಸ್‌ಮಸ್ ತಿಂಡಿ ಕಿಡಿಯೊ ಮಾಡಲ್ಲ, ಬೆರಳು ಮಡಚಕ್ಕೆ ಆಗಲ್ಲ ಅಂದಳು ಅಮ್ಮ. ಅದು ಬಿಡಿ. ಮಗಳನ್ನು ಹೇಗಾದರೂ ಒಪ್ಪಿಸಿ ಫೋಟೊ ತೆಗೆಸಬೇಕಾ? ಅತ್ತೆ ಹತ್ತಿರ ಕಳಿಸಬೇಕಾ?

– ಹೆಸರು ಬೇಡ, ಕೀನ್ಯಾ

ತಂಗೀ,

ಕೇಳಿದ್ದಕ್ಕೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಫೋಟೊಕ್ಕೆ ಮಗಳನ್ನು ಒತ್ತಾಯ ಮಾಡಬೇಡಿ. ಈ ಡಿಸೆಂಬರ್‌ನಲ್ಲಿ ಅವಳನ್ನು ಒಬ್ಬಳೇ ಅಯೋವಾಕ್ಕೆ ಕಳಿಸಲೂಬೇಡಿ.

ನಿಮ್ಮ ಪತ್ರ ಆರು ಪುಟವಿತ್ತು. ಜಾಗಕ್ಕಾಗಿ ತುಂಬಾ ಕತ್ತರಿಸಿದೆ. ಒಂದು ಮಾತಿಗೆ ಮಾತ್ರ ಕತ್ತರಿ ಹಾಕಲು ಮನಸ್ಸು ಬರಲಿಲ್ಲ. ಅಮ್ಮನ ಬೆರಳಿನ ಸುದ್ದಿ ಬರೆದು "ಅದು ಬಿಡಿ" ಅಂದಿರಲ್ಲ, ಅದು. ನೀವು ಬಿಟ್ಟಿರಬಹುದು, ನಾನು ಬಿಡಲ್ಲ. ಆಮೇಲೆ ಅಲ್ಲಿಗೇ ಬರುತ್ತೇನೆ.

ನಿಮ್ಮವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಈ ಫೋಟೊ ಯಾಕೆ ಅಷ್ಟು ಮುಖ್ಯ ಅಂತ ಸ್ವಲ್ಪ ಓದಿ ನೋಡಿದೆ. ಅಮೆರಿಕದಲ್ಲಿ ತೆರಿಗೆ ಲೆಕ್ಕದ ವರ್ಷ ಮುಗಿಯುವುದು ಡಿಸೆಂಬರ್ 31ಕ್ಕೆ. ದಾನ ಕೊಡುವವರು ಆ ಹೊತ್ತಿಗೇ ಚೆಕ್ ಬರೆಯುತ್ತಾರೆ. ಕ್ರಿಸ್‌ಮಸ್‌ಗೂ ಮಿಷನ್ ಕಾಣಿಕೆಗೂ ಅಲ್ಲಿ ಹಳೇ ನಂಟು. ಚೀನಾದಲ್ಲಿ ಕೆಲಸ ಮಾಡುತ್ತಿದ್ದ ಲಾಟಿ ಮೂನ್ ಎಂಬ ಅಮೆರಿಕದ ಹೆಣ್ಣುಮಗಳು 1887ರಲ್ಲಿ ಊರಿನ ಚರ್ಚುಗಳಿಗೆ ಪತ್ರ ಬರೆದು, ಕ್ರಿಸ್‌ಮಸ್‌ಗೆ ಮುಂಚಿನ ವಾರವನ್ನು ಮಿಷನ್ ಕಾಣಿಕೆಗೆ ಇಡಿ ಅಂತ ಕೇಳಿದರು. ಮರುವರ್ಷ 3,315 ಡಾಲರ್ ಕೂಡಿತು. ಆಕೆಯ ಬ್ಯಾಪ್ಟಿಸ್ಟ್ ಪಂಗಡದ ಚರ್ಚುಗಳಲ್ಲಿ ಆಕೆಯ ಹೆಸರಿನ ಕ್ರಿಸ್‌ಮಸ್ ಕಾಣಿಕೆ ಇವತ್ತಿಗೂ ನಡೆಯುತ್ತಿದೆ. ಆಕೆ ಸತ್ತಿದ್ದು 1912ರ ಡಿಸೆಂಬರ್ 24ಕ್ಕೆ. ಮೈಯಲ್ಲಿ ಏನೂ ಉಳಿದಿರಲಿಲ್ಲ. ಊರಿಗೆ ಹೊರಟಿದ್ದ ಹಡಗು ಜಪಾನಿನ ಕೋಬೆ ಬಂದರಿನಲ್ಲಿ ನಿಂತಿದ್ದಾಗಲೇ ಜೀವ ಹೋಯಿತು. ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಅಂದರೆ ನಿಮ್ಮವರ ತಲೆಯಲ್ಲಿ ಡಿಸೆಂಬರ್ ಅಂದರೆ ಹಬ್ಬವೂ ಹೌದು, ಮುಂದಿನ ವರ್ಷದ ಅಕ್ಕಿ ಬೇಳೆಯೂ ಹೌದು. ಫೋಟೊ ಇಲ್ಲದ ಪತ್ರ ಕಳಿಸುವುದೆಂದರೆ ಅವರಿಗೆ ಅಂಗಡಿಯ ಶಟರ್ ಅರ್ಧ ಇಳಿಸಿದ ಹಾಗೆ. ಭಯ ಇದೆ ಅವರಿಗೆ. ಮಗಳು ನೇರ ಆ ಭಯಕ್ಕೇ ಕಲ್ಲು ಹೊಡೆದಳು. ಅದಕ್ಕೇ ಎದ್ದು ಹೋದರು.

ಈಗ ಮಗಳ ಕಡೆಯಿಂದ ನೋಡಿ. ಅಮೆರಿಕದ ಚರ್ಚಿನವರು ತಾವು ನೆರವಾಗುವ ಮಿಷನರಿ ಕುಟುಂಬದ ಫೋಟೊವನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ಇಟ್ಟುಕೊಳ್ಳುತ್ತಾರೆ, ದಿನಾ ಕಣ್ಣಿಗೆ ಬೀಳಲಿ, ಪ್ರಾರ್ಥನೆಯಲ್ಲಿ ನೆನಪಾಗಲಿ ಅಂತ. ಒಳ್ಳೇ ಮನಸ್ಸಿನಿಂದಲೇ. ಆದರೆ ನಿಮ್ಮ ಪತ್ರದಲ್ಲೇ ಇತ್ತು, ಕಳೆದ ರಜೆಯಲ್ಲಿ ಯಾರೋ ಗುರುತಿಲ್ಲದ ಆಂಟಿ ಬಂದು ತಬ್ಬಿಕೊಂಡು, "ನೀನು ನಾಲ್ಕು ವರ್ಷದಿಂದ ನಮ್ಮ ಫ್ರಿಜ್ ಮೇಲಿದ್ದೀಯ, ಹಲ್ಲು ಬಿದ್ದಿದ್ದು ಬಂತಾ?" ಅಂದರಂತೆ. ಹನ್ನೊಂದು ಹನ್ನೆರಡರ ಹುಡುಗಿಗೆ ಅದು ಹೇಗಾಗಿರಬೇಡ! ಅವಳಿಗೆ ಅವರ ಹೆಸರೂ ಗೊತ್ತಿಲ್ಲ. ಅವರಿಗೆ ಇವಳ ಹಲ್ಲಿನ ಲೆಕ್ಕ ಗೊತ್ತು.

ನಮ್ಮಲ್ಲೇನು ಕಡಿಮೆ ಅಂತಲ್ಲ. ನಮ್ಮ ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬದ ದಿನ ಎಲ್ಲರೂ ನಿಂತು ಸ್ಟೇಟಸ್‌ಗೆ ಫೋಟೊ ಹಾಕುವವರೆಗೆ ಎಲೆ ಹಾಕುವ ಹಾಗಿಲ್ಲ. ಅಷ್ಟೊತ್ತಿಗೆ ಪಾಯಸದ ಮೇಲೆ ಕೆನೆ ಕಟ್ಟಿರುತ್ತದೆ. ಆದರೆ ನಾವು ನಗದಿದ್ದರೆ ಮುಂದಿನ ತಿಂಗಳ ಬಾಡಿಗೆ ನಿಲ್ಲುವುದಿಲ್ಲ. ನಿಮ್ಮ ಮನೆಯಲ್ಲಿ ನಗುವೇ ಕೆಲಸದ ಒಂದು ಭಾಗ ಆಗಿಬಿಟ್ಟಿದೆ. ಹಬ್ಬದ ತಿಂಗಳಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವ ಹಾಗೇ ಇಲ್ಲ. ಮಗಳಿಗೆ ಹಾಗೆ, ನಿಮ್ಮವರಿಗೆ ಹಾಗೆ. ನಿಮಗೆ ಎಲ್ಲರಿಗಿಂತ ಜಾಸ್ತಿ.

ಹಾಗಾಗಿ ಈ ಸಲದ ಪತ್ರದಲ್ಲಿ ನಾಲ್ವರ ಫೋಟೊ ಬೇಡ. ಅಲ್ಲಿನವರು ಕ್ರಿಸ್‌ಮಸ್ ಮರ ಅಂತ ಸೈಪ್ರಸ್ ಕೊಂಬೆ ಕಡಿದು ತರುತ್ತಾರಲ್ಲ, ಅದರದ್ದೇ ಒಂದು ಫೋಟೊ ಹಾಕಿ. ಇಲ್ಲ, ಚಪಾತಿ ಲಟ್ಟಿಸುವ ಕೈಗಳದ್ದು. ಕೆಳಗೆ ಎರಡು ಸಾಲು ಸಾಕು: "ನಮ್ಮ ಮಗಳು ದೊಡ್ಡವಳಾಗುತ್ತಿದ್ದಾಳೆ. ಇನ್ನು ಮುಂದೆ ತನ್ನ ಫೋಟೊ ಎಲ್ಲಿಗೆ ಹೋಗಬೇಕು ಅಂತ ಅವಳೇ ಹೇಳುತ್ತಾಳೆ." ಓದುವವರಲ್ಲಿ ಮುಕ್ಕಾಲು ಜನ ತಮ್ಮ ಮನೆಯಲ್ಲೂ ಆ ವಯಸ್ಸಿನ ಮಕ್ಕಳನ್ನು ಕಂಡಿರುತ್ತಾರೆ, ಅರ್ಥವಾಗುತ್ತದೆ. ಒಬ್ಬಿಬ್ಬರು ಮುಖ ಗಂಟು ಹಾಕಬಹುದು. ಹಾಕಲಿ. ಇದನ್ನು ನಿಮ್ಮವರಿಗೆ ನೀವೇ ಹೇಳಿ, ಮಗಳ ಬಾಯಲ್ಲಿ ಹೇಳಿಸಬೇಡಿ. ಅವಳು ಕಾಣಿಕೆ ಡಬ್ಬಿ ಅಂದಿದ್ದು ಒರಟಾಯಿತು, ಅದಕ್ಕೆ ಅವಳು ಅಪ್ಪನ ಹತ್ತಿರ ಬೇರೆ ಮಾತಾಡಲಿ. ಮಾತು ಒರಟು, ವಿಷಯ ಸರಿ. ಎರಡನ್ನೂ ಒಟ್ಟಿಗೆ ಕಟ್ಟಿ ಅವಳಿಂದ ಕ್ಷಮೆ ಕೇಳಿಸಬೇಡಿ.

ಇನ್ನು ಗೆಳತಿ. ಆರು ಪುಟದಲ್ಲಿ ಅದಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ. ನನಗನ್ನಿಸುವುದು, ಅವಳ ಮಟ್ಟಿಗೆ ಪತ್ರದಲ್ಲಿದ್ದ ದೊಡ್ಡ ಸುದ್ದಿಯೇ ಅದು. ಬೇರೆಯವರಿಗೆ ಹಬ್ಬ ಅಂದರೆ ಜನ ಸೇರುವುದು. ನೈರೋಬಿಯವರೆಲ್ಲ ಡಿಸೆಂಬರ್‌ನಲ್ಲಿ ತಮ್ಮ ತಮ್ಮ ಹಳ್ಳಿಗೆ ಹೊರಡುತ್ತಾರೆ, ಮಟಾಟು ವ್ಯಾನ್‌ಗಳ ದರ ಏರುತ್ತದೆ, ಮೇಕೆ ಕಡಿಯುತ್ತಾರೆ. ನಿಮ್ಮ ಮಿಷನ್ ಕಾಂಪೌಂಡಿನಲ್ಲಿ ಮಾತ್ರ ಉಲ್ಟಾ. ಬೋರ್ಡಿಂಗ್ ಶಾಲೆ ಮುಚ್ಚಿ ಮಕ್ಕಳೆಲ್ಲ ಒಂದೊಂದು ದೇಶಕ್ಕೆ ಹಂಚಿಹೋಗುತ್ತಾರೆ. ಕೆಲಸಕ್ಕೆ ಬರುವವರೂ ಊರಿಗೆ ಹೋಗುತ್ತಾರೆ. ನಿಮ್ಮ ಮಗಳಿಗೆ ಕ್ರಿಸ್‌ಮಸ್ ಅಂದರೆ ಕಾಂಪೌಂಡು ಖಾಲಿಯಾಗುವ ಕಾಲ. ಈ ಸಲ ಹೋದವಳು ಜನವರಿಗೆ ವಾಪಸ್ ಬರುವುದೂ ಇಲ್ಲ.

ಇಂಥ ಮಕ್ಕಳಿಗೆ ಒಂದು ಹೆಸರೇ ಇದೆ, ಥರ್ಡ್ ಕಲ್ಚರ್ ಕಿಡ್ಸ್ ಅಂತ. ಅಪ್ಪ ಅಮ್ಮನ ಊರೂ ಪೂರ್ತಿ ತನ್ನದಲ್ಲ, ಬೆಳೆದ ಊರೂ ಪೂರ್ತಿ ತನ್ನದಲ್ಲ. ಹೆಸರಿಟ್ಟವರು ರೂತ್ ಹಿಲ್ ಯುಸೀಮ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ. ಅವರಿಗೆ ಇದು ಹೊಳೆದಿದ್ದು 1950ರ ದಶಕದಲ್ಲಿ, ನಮ್ಮ ದೇಶದಲ್ಲಿ ನೆಲೆಸಿದ್ದ ಅಮೆರಿಕದವರನ್ನು ನೋಡಲು ಬಂದಾಗ. ನಿಮ್ಮ ಮಗಳಂತೂ ಅಯೋವಾ, ಕೀನ್ಯಾ, ಮೂಲ್ಕಿ ಮೂರನ್ನೂ ಹೊತ್ತುಕೊಂಡಿದ್ದಾಳೆ. ಅವಳ ಹತ್ತಿರ ಕೂತು "ಅವಳು ಹೋಗಿದ್ದು ಬೇಜಾರಾ?" ಅಂತ ಕೇಳಿ. ಹೊಸ ಗೆಳತಿ ಸಿಗುತ್ತಾಳೆ, ದೇವರಿದ್ದಾನೆ ಅಂತ ತಕ್ಷಣ ಹೇಳಬೇಡಿ. ಸುಮ್ನೆ ಕೇಳಿ.

ಅಯೋವಾದ ಬ್ಯಾಗಿಗೂ ಇದಕ್ಕೂ ಸಂಬಂಧವಿದೆ. ಅವಳು ಅಜ್ಜಿ ಮನೆಗೆ ಹೋಗುತ್ತಿಲ್ಲ, ಖಾಲಿ ಕಾಂಪೌಂಡಿನಿಂದ ಓಡುತ್ತಿದ್ದಾಳೆ. ಅವಳು ಅಯೋವಾ ನೋಡಿದ್ದು ರಜೆಯ ಬೇಸಿಗೆಯಲ್ಲಿ. ಜನವರಿಯ ಹಿಮದಲ್ಲಿ, ಯಾರ ಪರಿಚಯವೂ ಇಲ್ಲದ ಶಾಲೆಯ ಊಟದ ಹಾಲ್‌ನಲ್ಲಿ ತಟ್ಟೆ ಹಿಡಿದು ನಿಲ್ಲುವುದು ಬೇರೆಯೇ. ಹೈಸ್ಕೂಲಿನ ಮಾತನ್ನು ಹಬ್ಬದ ಟಿಕೆಟ್ ಜೊತೆ ತೀರ್ಮಾನ ಮಾಡಬೇಡಿ. ಫೆಬ್ರವರಿಯಲ್ಲಿ, ಮನೆಯಲ್ಲಿ ಮಾತುಕತೆ ಸರಿಹೋದ ಮೇಲೆ, ಅವಳನ್ನೂ ಕೂರಿಸಿಕೊಂಡು ಮಾತಾಡಿ. ಆಗಲೂ ಅವಳು ಹೋಗುತ್ತೇನೆ ಅಂದರೆ ಆ ಮಾತಿಗೆ ತೂಕವಿರುತ್ತದೆ.

ಮಕ್ಕಳನ್ನು ದೂರ ಕಳಿಸುವುದು ಮಿಷನರಿ ಮನೆಗಳಲ್ಲಿ ಹೊಸದೇನಲ್ಲ. ನಿಮ್ಮ ಮೂಲ್ಕಿಯ ಸಭೆಯ ಹಿರಿಯರಿಗೇ ಗೊತ್ತಿರುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ತಮ್ಮ ಮಕ್ಕಳನ್ನು ಸಣ್ಣ ವಯಸ್ಸಿಗೇ ಹಡಗು ಹತ್ತಿಸಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಕಳಿಸುತ್ತಿದ್ದರು. ಅಲ್ಲಿ ಅದಕ್ಕೇ ಅಂತ ಒಂದು ಮಕ್ಕಳ ಮನೆ ಇತ್ತು. ನಮಗೆ ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ಕೊಟ್ಟವರು ಅವರು, ಅದನ್ನು ನಾನು ಮರೆತಿಲ್ಲ. ಆದರೆ ಆ ಮಕ್ಕಳ ಕಡೆಯಿಂದ ನೋಡಿದಾಗ ನನಗೆ ಕರುಳು ಚುರ್ ಅನ್ನುತ್ತದೆ. ಆಗ ಅವರಿಗೆ ಬೇರೆ ದಾರಿ ಕಾಣಲಿಲ್ಲ. ನಿಮಗೆ ಹಾಗೇನಿಲ್ಲ. ಅತ್ತೆಯವರಿಗೆ ಮೊಮ್ಮಗಳು ಬೇಕು, ಅಷ್ಟೇ. ಬಯ್ಯಬೇಡಿ. ಅವರನ್ನೇ ಒಂದು ಸಲ ಕೀನ್ಯಾಕ್ಕೆ ಕರೆಯಿರಿ.

ಈಗ "ಅದು ಬಿಡಿ"ಗೆ ಬರೋಣ.

ನಿಮ್ಮವರು ನವೆಂಬರ್‌ನ ನಾಲ್ಕನೇ ಗುರುವಾರ ಬರುವ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಿಡುವುದಿಲ್ಲ. ಕೀನ್ಯಾದಲ್ಲಿ ಅವತ್ತು ರಜೆ ಇಲ್ಲ, ಅದಕ್ಕೆ ಶನಿವಾರ ಮಾಡುತ್ತೀರಿ. ಟರ್ಕಿ ಕೋಳಿ ದುಬಾರಿ, ಅದಕ್ಕೆ ನಾಟಿ ಕೋಳಿ ಸುಡುತ್ತೀರಿ. ಯಾರೋ ಬರುವಾಗ ತಂದುಕೊಟ್ಟ ಕ್ರ್ಯಾನ್‌ಬೆರಿ ಡಬ್ಬಿಯನ್ನು ವರ್ಷವಿಡೀ ಬೀರುವಿನಲ್ಲಿ ಕಾಪಾಡುತ್ತೀರಿ. ಭೂಮಧ್ಯರೇಖೆಯ ಪಕ್ಕದಲ್ಲಿ ಕೂತು ಕಿಟಕಿಗೆ ಕಾಗದದ ಹಿಮ ಅಂಟಿಸುತ್ತೀರಿ. ಎಲ್ಲ ನೀವೇ ಬರೆದಿದ್ದು. ಅವರ ಊರಿನ ನೆನಪಿಗೆ ನಿಮ್ಮ ಮನೆಯಲ್ಲಿ ಒಂದು ಬೀರುವೇ ಇದೆ. ಒಳ್ಳೆಯದೇ. ಆದರೆ ಮೂಲ್ಕಿಗೆ ಯಾವ ಡಬ್ಬಿ ಇಟ್ಟಿದ್ದೀರಿ? 7 ಕ್ರಿಸ್‌ಮಸ್‌ನಲ್ಲಿ ಒಂದು ಸಲವೂ ನೆವ್ರಿ, ಕಿಡಿಯೊ ಮಾಡಿದ ಮಾತು ಆರು ಪುಟದಲ್ಲಿ ಎಲ್ಲೂ ಇಲ್ಲ. ಅಮ್ಮನ ಮನೆಗೆ ಹೋಗಬೇಕು ಅಂತ ಒಂದು ಸಲವೂ ಅವರಿಗೆ ಹೇಳಿಲ್ಲ. ಹೇಳದೇ ಇದ್ದಿದ್ದನ್ನು ಅವರು ಇಲ್ಲ ಅಂದರು ಅಂತ ಹೇಗೆ ಅಂದುಕೊಂಡಿರಿ?

ಮಗಳು ಕೂಗಿ ಹೇಳಿದಳು. ನೀವು ಕೂಗಲೇ ಇಲ್ಲ. ಅವಳ ಪರ ನಿಲ್ಲಬೇಕಾ, ಗಂಡನ ಪರವಾ ಅಂತ ಒದ್ದಾಡುವ ಮೊದಲು ನಿಮ್ಮ ಪರ ಒಂದು ಮಾತಾಡಿ. ಹೀಗೆ ಹೇಳಿ: "ಅಮ್ಮನಿಗೆ ಬೆರಳು ಮಡಚಕ್ಕೆ ಆಗುತ್ತಿಲ್ಲ. ನಾನು ಏಪ್ರಿಲ್ ರಜೆಯಲ್ಲಿ ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಮುಂದಿನ ಕ್ರಿಸ್‌ಮಸ್‌ಗೆ ನಾಲ್ವರೂ ಹೋಗೋಣ." ಹೋಗಲಾ ಅಂತ ಕೇಳಬೇಡಿ. ಈಗ ಡಿಸೆಂಬರ್ ಟಿಕೆಟ್ ದುಬಾರಿ, ಅದು ನಿಜ. ಆದರೆ ನೈರೋಬಿಯಿಂದ ಮುಂಬೈಗೆ ನೇರ ವಿಮಾನವಿದೆ, ಅಯೋವಾದಷ್ಟು ದೂರವಂತೂ ಅಲ್ಲ. ಏಪ್ರಿಲ್‌ನಲ್ಲಿ ಮೂಲ್ಕಿಯ ಸೆಕೆಗೆ ಮಗಳು ಗೊಣಗುತ್ತಾಳೆ. ಮಾವಿನಹಣ್ಣು, ಹಲಸಿನ ಹಣ್ಣು ಇರುತ್ತವೆ, ಸುಮ್ಮನಾಗುತ್ತಾಳೆ. ಅವಳನ್ನು ಯಾವ ಫ್ರಿಜ್ ಮೇಲೂ ನೋಡದ ಜನ ಅಲ್ಲಿದ್ದಾರೆ. "ಹೋ, ನೀನು ಅವಳ ಮಗಳಾ?" ಅಂತಷ್ಟೇ ಕೇಳುತ್ತಾರೆ.

ಅಮ್ಮನಿಗೆ ಮಾತ್ರ ಟಿಕೆಟ್ ಕೈಗೆ ಬಂದ ಮೇಲೆ ಹೇಳಿ. ಈಗಲೇ ಹೇಳಿದರೆ ನಾಳೆಯಿಂದಲೇ ಉಪ್ಪಿನಕಾಯಿ ಹಾಕಲು ಶುರು ಮಾಡುತ್ತಾರೆ, ಬೆರಳು ಮತ್ತೂ ನೋಯುತ್ತದೆ.

ಈ 25ಕ್ಕೆ ಒಂದು ಕೆಲಸ ಮಾಡಿ. ನಿಮ್ಮಲ್ಲಿ ಸಂಜೆ 5 ಗಂಟೆಯಾದಾಗ ಮೂಲ್ಕಿಯಲ್ಲಿ ಏಳೂವರೆ, ಅಯೋವಾದಲ್ಲಿ ಬೆಳಿಗ್ಗೆ 8. ಮೂರು ಮನೆಯವರೂ ಎದ್ದಿರುವ ಹೊತ್ತು ಅದು. ಇಬ್ಬರು ಅಜ್ಜಿಯರಿಗೂ ಒಟ್ಟಿಗೆ ವಿಡಿಯೊ ಕಾಲ್ ಹಾಕಿ, ಮೇಜಿನ ಮೇಲೆ ಮೈದಾ ಹಿಟ್ಟು ಕಲಸಿ ಇಟ್ಟುಕೊಳ್ಳಿ. ಕೀನ್ಯಾದಲ್ಲಿ ಹಬ್ಬಕ್ಕೆ ಮನೆಮನೆಯಲ್ಲೂ ಚಪಾತಿ ಮಾಡುತ್ತಾರೆ, ಹಿಟ್ಟಿಗೇನೂ ಬರವಿಲ್ಲ. ಅಮ್ಮ ಹೇಳಲಿ, ನೀವು ಮಾಡಿ. ಕಿಡಿಯೊಗೆ ಅಚ್ಚು ಬೇಕಾಗಿಲ್ಲ, ಫೋರ್ಕಿನ ಬೆನ್ನು ಸಾಕು. ನೆಲ್ಲಿಕಾಯಿಗಿಂತ ಸಣ್ಣ ಉಂಡೆಯನ್ನು ಫೋರ್ಕಿನ ಹಲ್ಲುಗಳ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ, ಹಾಗೇ ಸುರುಳಿ ಸುತ್ತಿ ಕೆಳಗೆ ಬೀಳಿಸುವುದು. ಮೊದಲ ಇಪ್ಪತ್ತು ಕೆಡುತ್ತವೆ. ನಿಮ್ಮವರ ಕೈಗೂ ಒಂದು ಫೋರ್ಕ್ ಕೊಡಿ. ಮೆಷಿನ್ ರಿಪೇರಿ ಮಾಡುವವರು, ನಿಮಗಿಂತ ಚೆನ್ನಾಗಿ ಬಂದರೂ ಬಂತು.

ಆಗ ಯಾರೂ ಫೋಟೊ ತೆಗೆಯಬೇಡಿ. ಮಗ ಕೆಂಪು ಸ್ವೆಟರ್ ಹಾಕಿಕೊಂಡೇ ಬಂದರೆ ಬರಲಿ, ಹಿಟ್ಟು ಮೆತ್ತಿದರೆ ಒಗೆದರಾಯಿತು.