ಕೊಳವೆ ಇರುವಾಗ ಕಾಲಿನ ನರ ಯಾಕೆ ತೆಗೆಯಬೇಕು?

ನಿಮ್ಮ ತಮ್ಮನ ಮುಂಗೈ ಮೆಷಿನ್‌ಗೆ ಸಿಕ್ಕಿ ಮೀಡಿಯನ್ ನರ (ಹೆಬ್ಬೆರಳು, ಪಕ್ಕದ ಬೆರಳುಗಳ ಸ್ಪರ್ಶ ಮತ್ತು ಹಿಡಿತ ನೋಡಿಕೊಳ್ಳುವ ನರ) ತುಂಡಾಗಿದೆ, ನಡುವೆ ಸುಮಾರು 4 ಸೆಂಟಿಮೀಟರ್ ಖಾಲಿ ಬಿದ್ದಿದೆ ಅಂದಿರಿ. ಸರ್ಜನ್ ಕಾಲಿನ ನರ ತೆಗೆದು ಜೋಡಿಸೋಣ ಅಂತಾರೆ. ತುಂಡಾದ ಎರಡು ತುದಿಗಳ ನಡುವೆ ಕೂರಿಸುವ ಕೊಲಾಜನ್ (ಒಂದು ಪ್ರೋಟೀನ್) ಕೊಳವೆ ಸಿಗುವಾಗ ಚೆನ್ನಾಗಿರುವ ನರಕ್ಕೆ ಯಾಕೆ ಕೈ ಹಾಕಬೇಕು ಅನ್ನೋದು ನಿಮ್ಮ ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ಲ್ಯಾಬಿನಲ್ಲಿ ಇಂಥ ಕೊಳವೆಗಳನ್ನೇ ಮಾಡುತ್ತಿದ್ದವನು. ಆದರೂ ನನ್ನ ಓಟು ನಿಮ್ಮ ಸರ್ಜನ್‌ಗೇ.

ಕೊಳವೆ ನರವನ್ನು ಬೆಳೆಸುವುದಿಲ್ಲ. ಸುತ್ತಲಿನ ಗಾಯದ ಅಂಗಾಂಶ ಒಳಗೆ ನುಗ್ಗದಂತೆ ತಡೆದು ಜಾಗ ಕಾಯುತ್ತದೆ, ಅಷ್ಟೇ. ತುಂಡಾದ ತುದಿಗಳಿಂದ ಒಸರುವ ದ್ರವ ಮೊದಲು ಒಳಗೆ ತುಂಬುತ್ತದೆ. ಅದರಲ್ಲಿ ಫೈಬ್ರಿನ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಎಳೆಗಳು ಹೆಪ್ಪುಗಟ್ಟಿ ಈ ಕಡೆಯಿಂದ ಆ ಕಡೆಗೆ ಸೇತುವೆ ಆಗುತ್ತದೆ. ಅದರ ಮೇಲೆ ಶ್ವಾನ್ ಕೋಶಗಳು (ನರದ ಎಳೆಗಳಿಗೆ ಆಸರೆಯಾಗುವ ಕೋಶಗಳು) ತೆವಳುತ್ತವೆ, ಅವುಗಳ ಬೆನ್ನಿಗೇ ಆಕ್ಸಾನ್‌ಗಳು, ಅಂದರೆ ಸಂದೇಶ ಒಯ್ಯುವ ನರದ ಎಳೆಗಳು, ಬರುತ್ತವೆ. ದೂರ ಜಾಸ್ತಿಯಾದರೆ ಸೇತುವೆ ನಡುವೆ ಸಪೂರವಾಗಿ ಕಡಿದೇ ಹೋಗಬಹುದು. ಅದಕ್ಕೇ ಖಾಲಿ ಕೊಳವೆಗೆ 3 ಸೆಂಟಿಮೀಟರ್ ಅನ್ನೋದು ಗಡಿ. ಬೆರಳಿನ ಸಣ್ಣ ಸ್ಪರ್ಶದ ನರದಲ್ಲಿ ಒಂದು ಸೆಂಟಿಮೀಟರ್ ಅಂತರ ಇದ್ದಿದ್ದರೆ ನಾನೂ ಕೊಳವೆನೇ ಕೇಳಿ ಅನ್ನುತ್ತಿದ್ದೆ.

ಕಾಲಿನ ಸೂರಲ್ ನರದ ಕಥೆ ಬೇರೆ. ಅದರೊಳಗಿನ ಹಳೆಯ ಆಕ್ಸಾನ್‌ಗಳು ಸತ್ತರೂ ಅವು ಸಾಗುತ್ತಿದ್ದ ಸಣ್ಣ ಓಣಿಗಳು ಹಾಗೇ ಉಳಿಯುತ್ತವೆ, ಜೀವಂತ ಶ್ವಾನ್ ಕೋಶಗಳ ಸಮೇತ. ಸಪೂರ ನರ, ಹಾಗಾಗಿ ಕೆಲವು ತುಂಡುಗಳನ್ನು ಕಟ್ಟಿನಂತೆ ಜೋಡಿಸಿ ಹೊಲಿಯುತ್ತಾರೆ. ಪಾದದ ಹೊರ ಅಂಚು ಜೋಮು ಹಿಡಿದ ಹಾಗೆ ಉಳಿಯುತ್ತದೆ. ಅದು ನಷ್ಟ ಹೌದು, ಆದರೆ ಕೈಯ ಹಿಡಿತದ ಮುಂದೆ ಸಣ್ಣದು ಅಲ್ವಾ?

ನಮ್ಮ ಕೊಳವೆಗಳ ಪಾಡು ಕೇಳಿ. ಉಕ್ಕಿನ ಸಣ್ಣ ಕಡ್ಡಿಯನ್ನು ಕೈಟೋಸಾನ್ ದ್ರಾವಣದಲ್ಲಿ (ಸೀಗಡಿ ಚಿಪ್ಪಿನಿಂದ ಬರುವ ವಸ್ತು) ಅದ್ದಿ, ಒಣಗಿಸಿ, ಮತ್ತೆ ಅದ್ದಿ, ಕೊನೆಗೆ ಕಡ್ಡಿಯಿಂದ ಜಾರಿಸುತ್ತಿದ್ದೆವು. ಟ್ರೇಯಲ್ಲಿ ನೋಡೋಕೆ ಚೆಂದ. ಸ್ವಲ್ಪ ಬಗ್ಗಿಸಿದರೆ ಜ್ಯೂಸ್ ಸ್ಟ್ರಾ ಥರ ಮುರಿದು ಮಡಚಿಕೊಳ್ಳುತ್ತಿತ್ತು. ಗೋಡೆ ದಪ್ಪ ಮಾಡಿದರೆ ಸೂಜಿ ಇಳಿಯಲ್ಲ. ತೆಳು ಮಾಡಿದರೆ, ಕೂದಲಿಗಿಂತ ತೆಳುವಾದ ಹೊಲಿಗೆ ದಾರವೂ ಅದನ್ನು ಸೀಳಿಬಿಡುತ್ತಿತ್ತು. ಹಿಂದೆ ಸಿಲಿಕೋನ್ ಹಾಕುತ್ತಿದ್ದರು. ಗಟ್ಟಿ ಇತ್ತು, ಆದರೆ ಕರಗದೆ ಉಳಿದು ಕೊನೆಗೆ ನರವನ್ನೇ ಒತ್ತುತ್ತಿತ್ತು.

ಒಂದು ಮಾತು ಸರ್ಜನ್ ಹತ್ತಿರ ಕೇಳಿ ನೋಡಿ: ದಾನಿಯ ನರದಿಂದ ಕೋಶಗಳನ್ನು ತೊಳೆದು ತೆಗೆದ ಗ್ರಾಫ್ಟ್ (ಜೋಡಿಸುವ ನರದ ತುಂಡು) ಸಿಗುತ್ತದಾ ಅಂತ. ಅದರಲ್ಲಿ ಓಣಿಗಳು ಇರುತ್ತವೆ, ಹಾಗಾಗಿ ಖಾಲಿ ಕೊಳವೆಗಿಂತ ವಾಸಿ.

ಸುಮ್ನೆ ಹುಡುಕಾಟದಲ್ಲಿ ತಿಂಗಳುಗಟ್ಟಲೆ ಕಳೆಯಬೇಡಿ. ನರ ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್ ಬೆಳೆಯುತ್ತದೆ. ಒಂದು, ಒಂದೂವರೆ ವರ್ಷ ನರ ತಲುಪದೇ ಇದ್ದ ಸ್ನಾಯು ಆಮೇಲೆ ಸರಿಯಾಗಿ ಸ್ಪಂದಿಸಲ್ಲ. ಆಪರೇಷನ್ ಆದ ಮೇಲೆ ಡಾಕ್ಟರ್ ನರದ ದಾರಿಯುದ್ದಕ್ಕೂ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾರೆ. ಕರೆಂಟ್ ಹೊಡೆದ ಹಾಗೆ ಜುಂ ಅಂದರೆ, ಹೊಸ ತುದಿ ಅಲ್ಲಿಯವರೆಗೆ ಬಂದಿದೆ ಅಂತ. ಆ ಜಾಗ ತಿಂಗಳಿಂದ ತಿಂಗಳಿಗೆ ಅಂಗೈ ಕಡೆಗೆ ಸರಿಯುತ್ತಿದೆಯಾ ಅಂತ ಬರೆದಿಟ್ಟುಕೊಳ್ಳಿ.